ಅಪ್ಪ ಕುಡಿಯದ ಪಾನಕ

ಶೆಟ್ಟಿಕೆರೆಯ ನಮ್ಮ ಬೀದಿಯಲ್ಲಿ ರಾಮನವಮಿಯ ಪಾನಕ ಕಲೆಸುವುದು ಅಪ್ಪನ ಕೆಲಸ. ಯಾರೂ ಅವನನ್ನು ನೇಮಿಸಿರಲಿಲ್ಲ. ಬೇರೆ ಯಾರನ್ನೂ ಅವನು ಕೊಪ್ಪರಿಗೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಅಷ್ಟೇ. ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮೆಣಸು, ಏಲಕ್ಕಿ, ಒಣಶುಂಠಿ ಕುಟ್ಟಿ ಹಾಕಿ, ನಿಂಬೆಹಣ್ಣು ಹಿಂಡಿ, ಆಮೇಲೆ ಅಂಗೈಗೆ ಒಂದಿಷ್ಟು ಸುರಿದುಕೊಂಡು ನೆಕ್ಕಿ ನೋಡುವಾಗ ಅವನ ಗತ್ತೇ ಗತ್ತು.

ಆ ವರ್ಷ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕಾಫಿ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮೂರೇ ಲೋಟ. ಅದನ್ನು ಕಾಯಲೆಂದೇ ನಾನು ಗಂಡನ ಮನೆಯಿಂದ ಬಂದು ಕೂತಿದ್ದೆ. ಅವ್ವ ಕರಗಿಬಿಡುವ ಪೈಕಿ, ನಾನು ಹುಟ್ಟಾ ಜಗಳಗಂಟಿ. ಬಾಯಿ ಮುಕ್ಕಳಿಸುವ ನೆಪದಲ್ಲಿ ನೀರು ನುಂಗಿಬಿಟ್ಟಾನು ಎಂದು ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಬ್ಬದ ದಿನ ಬೆಳಿಗ್ಗೆಯೇ ಅಪ್ಪ ಹೊರಟು ನಿಂತ. ಬೇಡವೆಂದೆ.

"ಕುಡಿಯಕ್ಕಲ್ಲ ಕಣವ್ವ ನಾನು ಹೋಗ್ತಿರೋದು, ಕುಡ್ಸಕ್ಕೆ" ಅಂದ.

ಹೊಂಗೆ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ರುಚಿ ನೋಡುವ ಕೆಲಸ ನನ್ನದಾಯಿತು. ನಾನು ನುಂಗುವಾಗ ಅವನು ನನ್ನ ಮುಖವನ್ನಲ್ಲ, ಗಂಟಲನ್ನು ನೋಡುತ್ತಿದ್ದ. ಬಿಸಿಲು ಏರಿದಂತೆ ಜನ ಸೇರಿದರು. ಹುಳಿಯಾರಿನ ಬಸ್ಸನ್ನೂ ನಿಲ್ಲಿಸಿ, ಕಿಟಕಿಯಿಂದ ಚಾಚಿದ ಕೈಗಳಿಗೆಲ್ಲ ಲೋಟ ಕೊಟ್ಟೆವು. ಸೌಟು ಮಾತ್ರ ಅಪ್ಪನ ಕೈಯಲ್ಲೇ. ಒಣಗಿದ ತುಟಿ ಸವರಿಕೊಳ್ಳುತ್ತಾ ಎಲ್ಲರಿಗೂ "ಇನ್ನೊಂದ್ಸೊಲ್ಪ ಹಾಕುಸ್ಕೊಳ್ರೀ" ಅನ್ನುತ್ತಿದ್ದ.

ಹಂಚಿದವನು ಕೊನೆಗೆ ಕುಡಿಯಬೇಕು, ಆಮೇಲೆ ಕೊಪ್ಪರಿಗೆ ಕವುಚಬೇಕು. ಅದು ನಮ್ಮ ಬೀದಿಯ ಪದ್ಧತಿ. ಅಪ್ಪನ ಗೆಳೆಯನೊಬ್ಬ ಅಭ್ಯಾಸಬಲದಿಂದ ಒಂದು ಲೋಟ ತುಂಬಿ ಅವನ ಕೈಗಿಟ್ಟ. ನಾನು ಅತ್ತ ಕಡೆಯಿಂದ ಕೂಗಿಕೊಂಡೇ ಬಂದೆ.

"ಒಂದೇ ಗುಟುಕು ಕಣವ್ವ. ಹಂಚಿದೋನು ಕುಡೀದಿದ್ರೆ ಹೆಂಗೆ?"

ಲೋಟ ಕಿತ್ತುಕೊಂಡು ಮರದ ಬುಡಕ್ಕೆ ಚೆಲ್ಲಿದೆ. "ಸಾಯ್ಬೇಕು ಅಂತಿದ್ರೆ ಹೇಳ್ಬುಡಪ್ಪ, ನಾನ್ ನಮ್ಮೂರಿಗೆ ಹೋಯ್ತೀನಿ" ಅಂದೆ. ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದವರು ಕೂಡ ಕೈ ಇಳಿಸಿದರು. ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಂಡು ನನ್ನ ಹಿಂದೆ ಮನೆಗೆ ಬಂದ.

ಬಂದವನು ಊಟವನ್ನೂ ಮಾಡದೆ ಗೋಡೆಯ ಕಡೆ ತಿರುಗಿ ಮಲಗಿದ. ಊರೆಲ್ಲ ಕುಡಿಯಿತು, ಕುಡಿಸಿದವನ ಬಾಯಿ ಒಣಗಿದೆ. ಆಗ ಹೊಳೆದದ್ದು ಎಳನೀರು. ನಮ್ಮದು ಕೊಬ್ಬರಿ ಮಾಡುವ ಮನೆ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ ಹೆಚ್ಚುಕಡಿಮೆ ವರ್ಷ ಕಾಯುವವರು. ಎಳೆಗಾಯಿ ಕೆಡವಿದರೆ ಅಪ್ಪ ಮೈಮೇಲೆ ಬರುತ್ತಿದ್ದ. ಕಾಯಿಲೆ ಬಿದ್ದವರಿಗೆ ಮಾತ್ರ ವಿನಾಯಿತಿ. ಜ್ವರಕ್ಕೆ, ವಾಂತಿಗೆ, ಉರಿಮೂತ್ರಕ್ಕೆ ಅಜ್ಜಿ ನಂಬಿದ್ದ ಔಷಧಿ ಅದೊಂದೇ. ನಾನೇನೂ ಲೆಕ್ಕ ತಪ್ಪಲಿಲ್ಲ. ಸಂಜೆಯ ಕಾಫಿ, ರಾತ್ರಿಯ ನೀರು ಎರಡನ್ನೂ ಕಳೆದು, ಅಷ್ಟಕ್ಕೆ ಸರಿಯಾಗಿ ಎರಡು ಎಳನೀರು ಕೆಡವಿಸಿದೆ.

"ಯಾವ ಮರದ್ದು?" ಅಂದ ಅಪ್ಪ, ಎದ್ದು ಕೂತು.

"ಬಾವಿ ಹತ್ರದ್ದು."

ಬೈಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಡದೆ ಕುಡಿದ. ಎರಡನೆಯದನ್ನೂ ಕುಡಿದು, "ಈಗ ಜೀವ ಬಂತು ಕಣವ್ವ" ಅಂದ. ನಾನು ಅಡುಗೆಮನೆಗೆ ಹೋಗಿ ಸಮಾಧಾನವಾಗುವಷ್ಟು ಅತ್ತೆ.

ಬೆಳಿಗ್ಗೆ ಅವನಿಗೆ ಕಾಲು ಎತ್ತಲಾಗಲಿಲ್ಲ. ಕಾರು ಮಾಡಿಕೊಂಡು ಪಟ್ಟಣಕ್ಕೆ ಓಡಿದೆವು. ನಿನ್ನೆ ಏನೇನು ಕುಡಿದರು ಎಂದು ನರ್ಸ್ ಕೇಳಿದಳು. ನಾನು ತಲೆಯೆತ್ತಿಕೊಂಡೇ ಹೇಳಿದೆ, "ಪಾನಕ ಒಂದು ತೊಟ್ಟೂ ಮುಟ್ಸಿಲ್ಲ ಮೇಡಂ. ಎಳ್ನೀರು ಕೊಟ್ಟೆ, ಅಷ್ಟೇಯ."

ಅವಳು ಬರೆಯುವುದನ್ನು ಅಲ್ಲಿಗೇ ಬಿಟ್ಟು ಒಳಗೆ ಓಡಿದಳು.

ಮಧ್ಯಾಹ್ನದೊಳಗೆ ಅಪ್ಪ ಹೋಗಿಬಿಟ್ಟ. ಎಳನೀರಿನಲ್ಲಿರುವ ಪೊಟ್ಯಾಸಿಯಂ ಅನ್ನು ಕೆಟ್ಟ ಕಿಡ್ನಿ ಹೊರಹಾಕಲಾರದು, ಅದು ಹೃದಯವನ್ನೇ ನಿಲ್ಲಿಸುತ್ತದೆ ಎಂದು ಡಾಕ್ಟರು ವಿವರಿಸಿದರು. ಮೊದಲ ದಿನ ಕೊಟ್ಟಿದ್ದ ಪಥ್ಯದ ಚೀಟಿಯಲ್ಲೇ ಅದಿತ್ತಂತೆ. ಇತ್ತು, ಹೋಗಿ ನೋಡಿದೆ. ನಾನು ನೀರಿನ ಸಾಲೊಂದನ್ನೇ ಓದಿ ಮಡಚಿಟ್ಟಿದ್ದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಎಳನೀರಿನ ಎದುರು ಆ ಒಂದು ಗುಟುಕು ಯಾವ ಲೆಕ್ಕ? ಬೀದಿಯವರ ಮುಂದೆ ಅವನ ಮಾನ ಕಳೆದು ಅದನ್ನು ತಪ್ಪಿಸಿದೆ, ಮನೆಗೆ ಕರೆತಂದು ನನ್ನ ಕೈಯಾರೆ ಕೊಂದೆ. ಬೇರೆ ಮಾತು ನನಗೆ ಸಿಕ್ಕಿಲ್ಲ.

ಅವ್ವನಿಗೆ ಇದೊಂದೂ ಗೊತ್ತಿಲ್ಲ. ಮನೆಗೆ ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾಳೆ, "ಅಷ್ಟ್ ಬಾಯಾರಿದ್ರು ಕಣ್ರೀ. ಮಗಳ ಕೈಲಿ ಹೊಟ್ಟೆ ತುಂಬ ಎಳ್ನೀರು ಕುಡ್ದೇ ಹೋದ್ರು. ಇಂಥ ಮಗಳು ಯಾರಿಗವ್ಳೆ ಹೇಳಿ?" ಹಾಗೆ ಹೇಳುವಾಗ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಾಳೆ. ನಾನು ಬಿಡಿಸಿಕೊಳ್ಳುವುದಿಲ್ಲ.