ಹಲ್ಲು ನೋಡುವ ಸೋಮವಾರ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದೆ. ನಾಲ್ಕನೇ ತರಗತಿ ನನ್ನದು. ದೇಹದ ಸ್ವಚ್ಛತೆಯ ಪಾಠ ಬಂದಾಗ ಅದನ್ನು ಬರೀ ಓದಿಸಿ ಮುಗಿಸಬಾರದು, ಮಕ್ಕಳಿಗೆ ರೂಢಿಯಾಗಬೇಕು ಅಂದುಕೊಂಡೆ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಸಾಲಾಗಿ ನಿಲ್ಲಿಸಿ ಉಗುರು, ತಲೆ, ಕಿವಿ, ಹಲ್ಲು ನೋಡುತ್ತಿದ್ದೆ. ಎಲ್ಲವೂ ಸ್ವಚ್ಛವಾಗಿದ್ದವರ ಹೆಸರಿನ ಮುಂದೆ ಗೋಡೆಯ ಪಟ್ಟಿಯಲ್ಲಿ ಒಂದು ನಕ್ಷತ್ರ ಅಂಟಿಸುತ್ತಿದ್ದೆ.

ಅರ್ಧಕ್ಕರ್ಧ ಮಕ್ಕಳ ಹಲ್ಲು ಕಂದು. ಈ ಊರಿನವರಿಗೆ ಹಲ್ಲು ತಿಕ್ಕುವ ಅಭ್ಯಾಸವೇ ಇಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನಾನು ಹುಣಸಗಿ ಕಡೆಯವಳು, ಕಾಲುವೆ ನೀರು ಕುಡಿದು ಬೆಳೆದವಳು. ನನ್ನ ಹಲ್ಲು ಬೆಳ್ಳಗಿರುವುದು ನನ್ನ ಶಿಸ್ತಿನಿಂದ ಎಂದೇ ನಂಬಿದ್ದೆ.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಒಂಬತ್ತು ವರ್ಷ. ಪಾಠವನ್ನು ಅಕ್ಷರ ತಡವರಿಸದೆ, ಗಟ್ಟಿಯಾಗಿ ಓದುವವಳು ಅವಳೊಬ್ಬಳೇ. ಉಗುರು ಕತ್ತರಿಸಿರುತ್ತಿತ್ತು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿರುತ್ತಿದ್ದಳು. ಹಲ್ಲು ಮಾತ್ರ ತುಕ್ಕು ಹಿಡಿದ ತಗಡಿನ ಬಣ್ಣ.

"ಹಲ್ಲು ತಿಕ್ಕೀದಿ ಏನು?" ಎಂದು ಕೇಳಿದೆ.

"ತಿಕ್ಕೀನ್ರಿ ಅಕ್ಕೋರ್ರಿ."

"ಸುಳ್ಳು ಹೇಳಬ್ಯಾಡ. ಚೆಂದಂಗ ತಿಕ್ಕಿದ್ರ ಹಿಂಗ್ಯಾಕಿರ್ತಾವು?"

ಹಿಂದಿನ ಸಾಲಿನವರು ನಕ್ಕರು. ನಾನು ಅವರನ್ನು ಸುಮ್ಮನಿರಿಸಲಿಲ್ಲ. ನಾಚಿಕೆಯಾದರೆ ಕಲಿಯುತ್ತಾಳೆ ಎಂಬ ಲೆಕ್ಕ ನನ್ನದು. ಆಮೇಲಿನ ಸೋಮವಾರಗಳಲ್ಲೂ ಹೀಗೆಯೇ ಆಯಿತು. ಅವಳು ಗಟ್ಟಿಯಾಗಿ ಓದುವುದನ್ನು ಬಿಟ್ಟಳು. ಎಬ್ಬಿಸಿ ನಿಲ್ಲಿಸಿದರೆ ತುಟಿ ಬಿಗಿಹಿಡಿದು ಗೊಣಗುತ್ತಿದ್ದಳು. ನಾನು ಅದಕ್ಕೂ ಬೈದೆ.

ಒಂದು ದಿನ ಬಿಸಿಯೂಟದ ಹೊತ್ತಿಗೆ ಅಡುಗೆ ಮಾಡುವ ಅಮ್ಮ ನನ್ನನ್ನು ಕೂಗಿದಳು. "ಅಕ್ಕೋರ, ಇಲ್ಲಿ ಬರ್ರಿ. ಈ ಕೂಸಿನ ಬಾಯಿ ನೋಡ್ರಿ."

ಹುಡುಗಿ ತಟ್ಟೆಯ ಮುಂದೆ ಕೂತಿದ್ದಳು. ಸಾಂಬಾರು ತಾಗಿದ್ದಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಬಾಯಿ ತೆರೆಸಿದೆ. ಒಸಡು ಬಾತು ಅಲ್ಲಲ್ಲಿ ಸುಲಿದಿತ್ತು. ಹಲ್ಲಿನ ಸಂದಿಯಿಂದ ರಕ್ತ ಬರುತ್ತಿತ್ತು.

"ಏನ್ ಹಚ್ಚಿ ತಿಕ್ಕೀದಿಯವ್ವಾ?" ಎಂದು ಕೇಳಿದೆ.

"ಇಟ್ಟಂಗಿ ಪುಡಿ ರೀ. ಉಪ್ಪು ಕೂಡಿಸಿ." ಸ್ವಲ್ಪ ತಡೆದು ಅಂದಳು, "ನೀವೇ ಹೇಳಿದ್ರಲ್ರಿ, ಚೆಂದಂಗ ತಿಕ್ಕಿದ್ರ ಬೆಳ್ಳಗಾಗ್ತಾವಂತ."

ಎಷ್ಟು ದಿನದಿಂದ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಸಂಜೆ ಅವಳ ಜೊತೆಯಲ್ಲೇ ಮನೆಗೆ ಹೋದೆ. ತಾಯಿ ಹತ್ತಿ ಬಿಡಿಸಿ ಆಗಷ್ಟೇ ಬಂದಿದ್ದಳು. ನಾನು ತಪ್ಪು ಒಪ್ಪಿಕೊಳ್ಳಲು ಮಾತು ಹುಡುಕುತ್ತಿದ್ದರೆ ಆಕೆ, "ಬರ್ರಿ ಅಕ್ಕೋರ, ಕೂಡ್ರಿ" ಎಂದು ನಕ್ಕಳು. ಆಕೆಯ ಹಲ್ಲೂ ಮಗಳ ಹಲ್ಲಿನಂತೆಯೇ ಇದ್ದವು. ಕಟ್ಟೆಯ ಮೇಲಿದ್ದ ಅಜ್ಜಿ ಎದ್ದು ಜಾಗ ಬಿಡಲು ನೋಡಿದಳು. ಮೊಣಕಾಲು ಮಡಚಲೂ ಆಗದೆ ಚಾಚಲೂ ಆಗದೆ ಅರ್ಧಕ್ಕೇ ನಿಂತಳು.

"ನಮ್ಮೂರಾಗ ಎಲ್ಲಾರ್ದೂ ಹಿಂಗೇ ರೀ," ಎಂದಳು ತಾಯಿ. "ಬೋರಿನ ನೀರು. ಸಣ್ಣವ್ರಿದ್ದಾಗ ಹಲ್ಲಿಗೆ ಬರ್ತದ, ವಯಸ್ಸಾದ್ರ ಕಾಲಿಗೆ ಬರ್ತದ. ಈಕಿ ದಿನಾ ತಿಕ್ಕ್ತಾಳ್ರಿ. ನಾ ಬ್ಯಾಡಂದ್ರೂ ಕೇಳಲಿಲ್ಲ."

ನೀರಿನಲ್ಲಿ ಸೇರಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಎಂಬ ಮಾತನ್ನು ನಾನು ಕೇಳಿರಲಿಲ್ಲವೆಂದಲ್ಲ. ತರಬೇತಿಯಲ್ಲಿ ಕೇಳಿದ್ದೆ, ಟಿಪ್ಪಣಿಯನ್ನೂ ಬರೆದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಈ ಊರಿನ ನೀರು ಒಳ್ಳೆಯದಲ್ಲವೆಂದು ಮೊದಲ ವಾರವೇ ಯಾರೋ ಹೇಳಿದ್ದಕ್ಕೆ ನಾನು ದಿನವೂ ಶಹಾಪುರದಿಂದ ಬಾಟಲಿಯಲ್ಲಿ ನೀರು ತರುತ್ತಿದ್ದೆ. ಆ ಬಾಟಲಿಯನ್ನು ಮೇಜಿನ ಮೇಲಿಟ್ಟುಕೊಂಡೇ ಮಕ್ಕಳ ಹಲ್ಲು ನೋಡುತ್ತಿದ್ದೆ.

"ಚಹಾ ಮಾಡ್ಲೇನ್ರಿ? ನೀವು ನಮ್ಮೂರ ನೀರು ಕುಡಿಯಂಗಿಲ್ಲಲ್ರಿ..." ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಮಾಡಿ ಎಂದೆ. ಕುಡಿದೆ. ಕುಡಿದದ್ದರಿಂದ ಏನೂ ಸರಿಹೋಗಲಿಲ್ಲ.

ಮರುದಿನ ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ಶಹಾಪುರದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಒಸಡು ಮಾಯುತ್ತದೆ, ಕಲೆ ಮಾತ್ರ ಹಲ್ಲಿನೊಳಗೇ ಕೂತಿದೆ, ಎಷ್ಟು ತಿಕ್ಕಿದರೂ ಹೋಗದು ಎಂದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರಿಗಾದರೂ ಬೇರೆ ನೀರು ಕೊಡಿ ಎಂದರು. ಹುಡುಗಿ ಕುರ್ಚಿಯಿಂದ ಇಳಿಯುವಾಗ ಕೇಳಿದಳು:

"ಡಾಕ್ಟರ, ನಾ ತಿಕ್ಕಿದ್ದು ಖರೇ ಅದ ಅಲ್ರಿ?"

"ಖರೇ ಅದವ್ವಾ. ನಿನ್ನ ತಪ್ಪೇನೂ ಇಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಮುಂದಿನ ಸೋಮವಾರ ಗೋಡೆಯ ಪಟ್ಟಿಯನ್ನು ಕಿತ್ತು, ತರಗತಿಯ ಮುಂದೆ ಅವಳ ಹೆಸರು ಹಿಡಿದು ಹೇಳಿದೆ: ಈಕೆ ಸುಳ್ಳು ಹೇಳಿರಲಿಲ್ಲ, ತಪ್ಪು ತಿಳಿದವಳು ನಾನು. ಮಕ್ಕಳು ಮಿಕಿಮಿಕಿ ನೋಡಿದರು. ದೊಡ್ಡವರು ತಪ್ಪೊಪ್ಪಿಕೊಂಡಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಅವಳು ತಲೆ ತಗ್ಗಿಸಿ ಪುಸ್ತಕದ ಅಂಚು ಮಡಚುತ್ತಿದ್ದಳು. ಆ ವರ್ಷವಿಡೀ ಅವಳು ಗಟ್ಟಿಯಾಗಿ ಓದಲಿಲ್ಲ.

ಮುಖ್ಯ ಗುರುಗಳೂ ನಾನೂ ಸೇರಿ ನೀರಿಗಾಗಿ ಅರ್ಜಿ ಮೇಲೆ ಅರ್ಜಿ ಬರೆದೆವು. ಊರಲ್ಲಿ ಫಿಲ್ಟರ್ ನೀರಿನ ಘಟಕವೊಂದು ಬಂತು. ಎರಡು ದಿನ ನಡೆದರೆ ನಾಲ್ಕು ದಿನ ಕೆಟ್ಟು ನಿಲ್ಲುತ್ತಿತ್ತು. ಕೆಟ್ಟಾಗ ಪಕ್ಕದೂರಿನ ಘಟಕಕ್ಕೆ ನಡೆಯಬೇಕು.

ಅಂಥ ಒಂದು ದಿನ ಶಾಲೆಗೆ ಬರುವ ದಾರಿಯಲ್ಲಿ ಅವಳು ಸಿಕ್ಕಳು, ತಲೆಯ ಮೇಲೆ ಕೊಡ. ಆಗ ಆರನೇ ತರಗತಿ. ಫಿಲ್ಟರ್ ನೀರು ಕುಡಿಯುತ್ತಿದ್ದಾಳಲ್ಲ ಎಂದು ಖುಷಿಯಾಗಿ, ನಿನಗೇನವ್ವಾ ಎಂದು ಕೇಳಿದೆ.

"ನಂಗಲ್ರಿ, ತಂಗಿಗಿ. ಆಕಿ ಹಾಲಹಲ್ಲು ಇನ್ನಾ ಬಿದ್ದಿಲ್ಲ. ಹೊಸಾವು ಬೆಳ್ಳಗ ಬರ್ಲಿ ಅಂತ."

"ನೀನೂ ಕುಡೀಬೇಕವ್ವಾ. ಹಲ್ಲಷ್ಟೇ ಅಲ್ಲ, ಮುಂದ ಎಲುವಿಗೂ..."

"ಗೊತ್ತದರಿ. ನಮ್ಮಜ್ಜಿನ್ನ ನೋಡೀನಲ್ರಿ." ಕೊಡ ಅಲುಗದಂತೆ ಒಂದು ಕೈ ಮೇಲೆತ್ತಿ ಹಿಡಿದಳು. "ಇಬ್ಬರಿಗಿ ಸಾಲಂಗಿಲ್ರಿ."

ಅಷ್ಟು ಹೇಳಿ, ಹೊತ್ತಾಯಿತೆಂದು ನಡೆದಳು. ನಾನು ಶಾಲೆಗೆ ಹೋದೆ. ಅಂದು ನಾಲ್ಕನೇ ತರಗತಿಗೆ ಮಾಡಬೇಕಿದ್ದದ್ದು ಅದೇ ಸ್ವಚ್ಛತೆಯ ಪಾಠ. ಪುಸ್ತಕ ತೆರೆದು, ಹಲ್ಲಿಗಿಂತ ಮೊದಲು ನೀರಿನಿಂದ ಶುರುಮಾಡಿದೆ.