ಕುಂಕುಮವಿಟ್ಟ ಕೇಬಲ್

ಕಂಪ್ಯೂಟರಿನ ಹಣೆಯ ಮೇಲೆ ಮೂರು ಎಳೆ ವಿಭೂತಿ, ನೆತ್ತಿಯ ಮೇಲೊಂದು ಚೆಂಡು ಹೂ, ಕೀಬೋರ್ಡಿನ ಮುಂದೆ ಬಾಳೆಹಣ್ಣು. ಆಯುಧಪೂಜೆಯ ದಿನ, ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿ ಸೀಮೆಯ ಮನೆಯಲ್ಲಿ ಕುಡುಗೋಲು, ಗುದ್ದಲಿ, ಮಿಕ್ಸಿಗಳ ಸಾಲಿನಲ್ಲಿ ಅದಕ್ಕೂ ಒಂದು ಸೀಟು ಉಂಟು. ಪೂಜೆ ನನ್ನ ಓರಗಿತ್ತಿ ಮಾದಮ್ಮನ ಡಿಪಾರ್ಟ್‌ಮೆಂಟು. ಪೂಜೆಗಿಟ್ಟದ್ದನ್ನು ಮರುದಿನ ಬೆಳಗಿನವರೆಗೆ ಮುಟ್ಟಬಾರದು. ದುಡಿದ ವಸ್ತುವಿಗೂ ವಿಶ್ರಾಂತಿ ಕೊಡುವ ಈ ಸೌಜನ್ಯ ಕಾನ್ವೆಂಟಿನ ನನ್ನ ಭಾನುವಾರಗಳನ್ನು ನೆನಪಿಸುವುದರಿಂದ ನಾನೂ ಅದನ್ನು ಮೀರಿದವಳಲ್ಲ.

ಆದರೆ ಈ ಸಲ ಫಿಲೋಮಿನಾಳಿಗಾಗಿ ಮೀರಬೇಕಾಯಿತು. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ದೀಪ ಆರಿದ ಮೇಲೂ ಪಿಸುಮಾತು ನಿಲ್ಲಿಸದವಳು. ಮರುದಿನ ಬೆಳಿಗ್ಗೆ ಅವಳಿಗೆ ಗಂಟಲಿನ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಹಬ್ಬದ ಸಂಜೆಯೇ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡುತ್ತೇನೆಂದಿದ್ದಳು. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಬಾರದು. ಅದು ಸಿಗುವ ದಿಬ್ಬಕ್ಕೆ ಆನೆಯ ಭಯದಿಂದ ಕತ್ತಲಾಗುವ ಹೊತ್ತಿನಲ್ಲಿ ಯಾರೂ ಹೋಗರು. ಉಳಿದದ್ದು ಕೇಬಲ್ ಇದ್ದ ಕಂಪ್ಯೂಟರೊಂದೇ.

ನಾನು ಮೌಸಿಗೆ ಕೈಯಿಟ್ಟೆ.

"ಮುಟ್ಬ್ಯಾಡ ಕಣಕ್ಕ! ಪೂಜ ಮಾಡಿವ್ನಿ."

"ಫಿಲೋ ಮಾತಾಡೋದು ಇವತ್ತೇ ಕಡೆ, ಮಾದಮ್ಮ."

"ಇರು, ದ್ಯಾವ್ರನ್ನ ಒಂದ್ಮಾತ್ ಕೇಳ್ಬುಟ್ಟು ಬತ್ತೀನಿ," ಎಂದು ಒಳಗೆ ಹೋಗಿ ಕರ್ಪೂರ ಹಚ್ಚಿಕೊಂಡು ಬಂದು, ಕಂಪ್ಯೂಟರಿಗೆ ಬೆಳಗಿದಳು. "ಊಂ, ಈಗ ಮುಟ್ಟು. ಬೋದ್ರ ನನ್ನೇ ಬೋಯ್ಲಿ."

ದೇವರು ಒಪ್ಪಿದರೂ ಇಂಟರ್ನೆಟ್ ಒಪ್ಪಲಿಲ್ಲ. ಸಂಪರ್ಕವಿಲ್ಲ ಎಂಬ ಬರಹವೊಂದೇ. ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದರೆ, ಗೆಳೆಯರೇ, ಅದೆಂಥ ಕುತೂಹಲದ ಲೋಕ! ಯಂತ್ರಕ್ಕೂ ಒಂದು ವಿಳಾಸವಂತೆ. ಅದನ್ನು ತಾನಾಗಿಯೇ ಪಡೆಯುವುದಕ್ಕೆ ಆಟೋಮ್ಯಾಟಿಕ್ ಎಂದು ಹೆಸರಂತೆ. ನಾನು ಮದುವೆಯಾಗಿ ಬಂದ ಈ ಮನೆ ಗೇಣುದ್ದವೂ ಕದಲದೆ ಕೊಯಮತ್ತೂರು ಜಿಲ್ಲೆಯಿಂದ ಈರೋಡು ಜಿಲ್ಲೆಗೆ ಸೇರಿದ್ದು ನೆನಪಾಯಿತು. ನಮ್ಮನ್ನೂ ಯಾರೂ ಕೇಳಲಿಲ್ಲ, ನಾವೂ ಕನ್ನಡದಲ್ಲೇ ಗೊಣಗಿ ತಮಿಳಿನಲ್ಲಿ ಅರ್ಜಿ ಕೊಟ್ಟು ಸುಮ್ಮನಾದೆವು. ಆದರೆ ಕಾನ್ವೆಂಟಿನ ಬುದ್ಧಿ ಸುಮ್ಮನಿರುತ್ತದೆಯೇ? ಎಲ್ಲವೂ ಪ್ರಾಪರ್ ಆಗಿರಬೇಕೆಂದು, ಯಂತ್ರದ ವಿಳಾಸವನ್ನು ನಾವೇ ಬರೆಯುವ ಮ್ಯಾನುಯಲ್‌ಗೆ ಬದಲಿಸಿ, ಯಾವಾಗಲೋ ಕಂಡಿದ್ದ ಅಂಕಿಗಳನ್ನು ತುಂಬಿದೆ. ಏನೂ ಆಗಲಿಲ್ಲ.

ಕಡೆಗೆ ಟಾರ್ಚ್ ಹಿಡಿದು, ಮೇಜಿನ ಕೆಳಗೆ ಮಂಡಿಯೂರಿ, ಕೇಬಲಿನ ಜಾಡು ಹಿಡಿದು ಹೊರಟೆ. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ತುದಿಯನ್ನು ಎಳೆದು ನೋಡಿದರೆ, ಅದರ ಪುಟ್ಟ ಚಿನ್ನದ ಹಲ್ಲುಗಳಿಗೆಲ್ಲ ಕುಂಕುಮದ ಗಸಿ!

"ಮಾದಮ್ಮ, ಇದರ ಬಾಯಿಗೂ ಇಟ್ಟೆಯಾ?"

"ಮತ್ತ? ಮಾತಾಡೋದು ಅದ್ರಲ್ಲೇ ಅಂದಿದ್ಯಲ್ಲ ನೀನೇ! ಅದ್ಕೇ ಬಿಚ್ಚಿ ಒಂದ್ ಬೊಟ್ಟು ಜಾಸ್ತಿ ಇಟ್ಟಿವ್ನಿ."

ಇಬ್ಬರೂ ನಕ್ಕೆವು. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಸಿಕ್ಕಿಸಿದಾಗ ಹಸಿರು ದೀಪವೊಂದು ಮಿಟುಕಿತು. ಆದರೂ ಫಿಲೋ ಬರಲಿಲ್ಲ. ಉಳಿದ ತಪ್ಪು ನನ್ನದೇ: ನಾನು ತುಂಬಿದ ಅಂಕಿಗಳು. ಅವನ್ನು ಅಳಿಸಿ ಮತ್ತೆ ಆಟೋಮ್ಯಾಟಿಕ್ ಎಂದೆ. ಯಂತ್ರ ತನಗೆ ಕೊಟ್ಟ ವಿಳಾಸವನ್ನು ತಕರಾರಿಲ್ಲದೆ ತೆಗೆದುಕೊಂಡಿತು, ಕಾಲ್ ಬಂತು.

ಆಸ್ಪತ್ರೆಯ ದಿಂಬಿನ ಮೇಲೆ ಫಿಲೋ. ದನಿ ಆಗಲೇ ಒಡೆದಿತ್ತು. ಅವಳು ಎಷ್ಟು ಮಾತಾಡಿದರೂ ಕಿವಿಯಲ್ಲಿ ತುಂಬಿಸಿಕೊಳ್ಳಬೇಕೆಂದು ಕುರ್ಚಿಯನ್ನು ಹತ್ತಿರಕ್ಕೆಳೆದೆ.

"ನನ್ನ ದನಿ ಕೇಳೋಕೆ ಕೂತಿದ್ದೀಯಾ? ಸಿಲ್ಲಿ ಗರ್ಲ್. ಜೀವಮಾನವಿಡೀ ಕೇಳಿದ್ದೀಯಲ್ಲೇ. ಇವತ್ತು ನೀನು ಮಾತಾಡು. ನಾನು ಕೇಳೋದನ್ನ ಪ್ರ್ಯಾಕ್ಟೀಸ್ ಮಾಡ್ಬೇಕು."

ನಾನು ಕೀಬೋರ್ಡಿನ ಮುಂದಿನ ಬಾಳೆಹಣ್ಣನ್ನು ಅತ್ತಿತ್ತ ಸರಿಸಿದೆ. ಬೆನ್ನ ಹಿಂದಿನಿಂದ ಮಾದಮ್ಮ ತಿವಿದಳು: "ಮಾತಾಡಕ್ಕ, ಆ ಯಮ್ಮ ಕಾಯ್ಕಂಡು ಕೂತದ."

ರಾಗಿ ಹೊಲಕ್ಕೆ ಹಂದಿ ನುಗ್ಗಿದ್ದರಿಂದ ಶುರುಮಾಡಿದೆ. ದಿಂಬಂ ಘಾಟಿಯ ತಿರುವಿನಲ್ಲಿ ಬಸ್ಸು ಕೆಟ್ಟು, ಊರಿನವರೆಲ್ಲ ಟೀ ಅಂಗಡಿಯಲ್ಲೇ ಮದುವೆ ಮಾತುಕತೆ ಮುಗಿಸಿ ಬಂದದ್ದನ್ನು ಹೇಳಿದೆ. ನಡುವೆ ಮಾತು ಮುಗಿಯಿತೆನ್ನಿಸಿ ನಿಲ್ಲಿಸಿದೆ. ಫಿಲೋ ಹೊದಿಕೆಯಿಂದ ಕೈ ಹೊರತೆಗೆದು, ಗಾಳಿಯಲ್ಲಿ ಬೆರಳು ತಿರುಗಿಸಿದಳು: ಆಮೇಲೆ?