ಹದಿನೆಂಟು ಫಾರಂ, ಒಂದೇ ಉತ್ತರ

ಮೂರು ವರ್ಷಗಳ ಹಿಂದಿನ ಮಾತು. ಮಣಿಪಾಲದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಮುಗಿಸಿದ್ದ ನಾನು ಉಡುಪಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಟ್ರಾವೆಲ್ ಹೆಲ್ತ್ ಕೋಆರ್ಡಿನೇಟರ್ ಆಗಿ ಎರಡನೆಯ ವರ್ಷದಲ್ಲಿದ್ದೆ. ಹುದ್ದೆಯ ಹೆಸರು ಉದ್ದ, ಮೇಜು ಚಿಕ್ಕದು. ಔಷಧದಂಗಡಿಗೂ ಲಿಫ್ಟಿಗೂ ನಡುವಿನ ಒಂದು ಮೂಲೆ. ದೂರದ ಊರಿಗೆ ಹೊರಟವರಿಗೆ ಯಾವ ಲಸಿಕೆ ಬೇಕು, ನಿತ್ಯದ ಮಾತ್ರೆಗಳನ್ನು ಹೇಗೆ ಒಯ್ಯಬೇಕು, ಅಲ್ಲಿ ಜ್ವರ ಬಂದರೆ ಮೊದಲು ಏನು ಮಾಡಬೇಕು ಎಂದು ತಿಳಿಸಿ, ಅವರ ವೈದ್ಯಕೀಯ ಕಾಗದಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಬರುತ್ತಿದ್ದವರಲ್ಲಿ ಹೆಚ್ಚಿನವರು ಗಲ್ಫಿಗೆ ಹೊರಟವರು. ರಜೆ ಕಳೆಯಲೆಂದು ದ್ವೀಪಕ್ಕೆ ಹೊರಟ ಮೊದಲ ದೊಡ್ಡ ತಂಡ ಬಂದದ್ದು ಕಡಲ ದಡದ ಊರಾದ ಎರ್ಮಾಳಿನಿಂದ: ಮೀನು ಮಾರುವ ಹದಿನೆಂಟು ಮಹಿಳೆಯರು, ಡಿಸೆಂಬರಿನಲ್ಲಿ ಆರು ದಿನ, ಅಂಡಮಾನಿಗೆ.

ಪ್ರವಾಸದ ಏರ್ಪಾಡು ಕಾಪುವಿನ ಒಬ್ಬ ಟ್ರಾವೆಲ್ ಏಜೆಂಟರದ್ದು. ಅವರನ್ನು ಎಲ್ಲರೂ ಸುಧಾಕರಣ್ಣ ಎನ್ನುತ್ತಿದ್ದರು. ಆರೋಗ್ಯದ ತಯಾರಿ ನಮ್ಮ ಕ್ಲಿನಿಕ್ಕಿನದ್ದು. ತಂಡದ ಜೊತೆ ಕ್ಲಿನಿಕ್ಕಿನಿಂದ ಒಬ್ಬರು ಹೆಲ್ತ್ ಎಸ್ಕಾರ್ಟ್ ಆಗಿ ಹೋಗಬೇಕೆಂದೂ ಒಪ್ಪಂದವಾಗಿತ್ತು. ಆ ಒಬ್ಬರು ನಾನೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಲವತ್ತು ಅಂಶಗಳ ತಯಾರಿ ಪಟ್ಟಿಯನ್ನು ಬರೆದವಳು ನಾನು. ಬೆಳ್ಮಣ್ಣಿನವಳಾದ್ದರಿಂದ ಆ ಹೆಂಗಸರೊಡನೆ ತುಳುವಿನಲ್ಲಿ ಮಾತಾಡಿದವಳೂ ನಾನೇ.

ಪ್ರವಾಸಕ್ಕೆ ಆರು ವಾರ ಮುಂಚೆ ಎರ್ಮಾಳಿನ ಒಂದು ಸಭಾಭವನದಲ್ಲಿ ಶಿಬಿರ ಮಾಡಿದೆ. ಬಿ.ಪಿ., ಸಕ್ಕರೆ ಪರೀಕ್ಷೆಯ ನಂತರ ಪಟ್ಟಿಯನ್ನು ಓದಿದೆ. ಮಾತ್ರೆಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನಲ್ಲಿ ಬೇಡ. ಸಂಜೆ ಸೊಳ್ಳೆಗೆ ಮುಲಾಮು. ಹವಳದ ಕಲ್ಲಿನ ಮೇಲೆ ಬರಿಗಾಲು ಬೇಡ. ಬಿಸಿಲಿಗೆ ಸನ್‌ಸ್ಕ್ರೀನ್.

"ಬಿಸಿಲಿಗೆ ಕ್ರೀಮಾ?" ಎಂದು ಮುಂದಿನ ಸಾಲಿನಿಂದ ಒಂದು ದನಿ ಎದ್ದಿತು. "ಮೂವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ನಡೆದಿದ್ದೇನೆ ಟೀಚರೇ. ಇನ್ನು ಸುಡ್ಲಿಕ್ಕೆ ಎಂತ ಬಾಕಿ ಉಂಟು?"

ಸಭೆ ನಕ್ಕಿತು. ಅವರು ಗಿರಿಜಕ್ಕ, ತಂಡದ ಮುಂದಾಳು, ಐವತ್ತೆರಡು ವರ್ಷ. ಪಟ್ಟಿ ಹಿಡಿದು ಪಾಠ ಮಾಡುತ್ತೇನೆಂದು ನನಗೆ 'ಟೀಚರ್' ಎಂದು ಹೆಸರಿಟ್ಟವರೂ ಅವರೇ. ಶಿಬಿರ ಮುಗಿದ ಮೇಲೆ ಅವರು ಒಂದು ಮಾತು ಹೇಳಿದರು. ಅವರ ಅಪ್ಪ, ಗಂಡ, ತಮ್ಮಂದಿರು ಎಲ್ಲರೂ ಕಡಲಿಗೆ ಹೋದವರು. ಹೆಂಗಸರು ದೋಣಿ ಹತ್ತುವ ಪದ್ಧತಿ ಅವರಲ್ಲಿಲ್ಲ. ದಡಕ್ಕೆ ಬಂದ ಮೀನನ್ನು ಮಾರುವುದಷ್ಟೇ ಅವರ ಪಾಲು. "ಇಷ್ಟು ವರ್ಷ ಸತ್ತ ಮೀನನ್ನೇ ನೋಡಿದ್ದು. ಬದುಕಿರುವಾಗ ಅವು ಕೆಳಗೆ ಹೇಗಿರ್ತಾವೆ ಅಂತ ಒಂದು ಸಲ ನೋಡ್ಬೇಕು. ಅದಕ್ಕೇ ಹೊರಟದ್ದು. ಉಳಿದದ್ದೆಲ್ಲ ನಿಮ್ಮ ಪಟ್ಟಿಯ ಹಾಗೆ, ಇದ್ರೂ ಆಯ್ತು, ಇಲ್ಲದಿದ್ರೂ ಆಯ್ತು."

ನೋಡಲು ದಾರಿ ಎರಡಿತ್ತು. ಒಂದು, ತಳಕ್ಕೆ ಗಾಜು ಹಾಕಿದ ದೋಣಿ. ಕೂತಲ್ಲಿಂದಲೇ ಕೆಳಗಿನದು ಕಾಣುತ್ತದೆ. ಇನ್ನೊಂದು ಸ್ಕೂಬಾ ಡೈವಿಂಗ್: ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ತರಬೇತುದಾರರ ಕೈ ಹಿಡಿದು, ಹೊಸಬರಾದರೆ ಹೆಚ್ಚೆಂದರೆ ಹನ್ನೆರಡು ಮೀಟರ್ ಆಳಕ್ಕೆ ಇಳಿಯುವುದು. ಗಿರಿಜಕ್ಕ ಎರಡನೆಯದನ್ನೇ ಆರಿಸಿದರು, ಅವರನ್ನು ನೋಡಿ ಉಳಿದ ಹದಿನೇಳು ಮಂದಿಯೂ. ಹಾಗೆ ಹೇಳುವಾಗ ನನ್ನ ಪ್ರಶ್ನೆಗೆ ಅವರು ಪ್ರತಿ ಸಲವೂ ಎಡಗಿವಿಯನ್ನು ಮುಂದೆ ತರುತ್ತಿದ್ದುದನ್ನು ನಾನು ಗಮನಿಸಿದೆ. ಬಲಗಿವಿಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆ ಇತ್ತು. ನನ್ನ ಕಿರುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: "ಗಿರಿಜಕ್ಕ, ಬಲಗಿವಿ, ಇ.ಎನ್.ಟಿ.ಗೆ ತೋರಿಸಬೇಕು."

ಅದಾಗಿ ಮೂರು ವಾರಕ್ಕೆ ಎಸ್ಕಾರ್ಟಿನ ಹೆಸರು ಪ್ರಕಟವಾಯಿತು. ಪ್ರತಿಮಾ.

ಪ್ರತಿಮಾ ಕಾರ್ಕಳದವಳು, ನಮ್ಮ ಕ್ಲಿನಿಕ್ಕಿಗೆ ಸೇರಿ ಎಂಟು ತಿಂಗಳಾಗಿತ್ತು. ಕೆಲಸದಲ್ಲಿ ಕೆಟ್ಟವಳಲ್ಲ ಎಂದು ಈಗ ಬರೆಯಬಲ್ಲೆ, ಆಗ ಸಾಧ್ಯವಿರಲಿಲ್ಲ. ಆಡಳಿತಾಧಿಕಾರಿಗಳ ಪ್ರಕಾರ ಅವಳು "ಜನರೊಂದಿಗೆ ಚೆನ್ನಾಗಿ ಬೆರೆಯುತ್ತಾಳೆ." ನಾನು ಬೆರೆಯಲಿಲ್ಲವೇ? ನನ್ನ ನಲವತ್ತು ಅಂಶಗಳ ಪಟ್ಟಿಯ ಮೇಲೆ ಅವಳ ಹೆಸರು ಟೈಪಾಗಿ ಬಂತು. ಮರುವಾರ ನಮ್ಮ ಮೇಜಿಗೇ ಒಂದು ಪಾರ್ಸೆಲ್ ಬಂತು: ಅಗಲ ಅಂಚಿನ ಹುಲ್ಲಿನ ಟೋಪಿ. ಅವಳು ಅದನ್ನಿಟ್ಟುಕೊಂಡು ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡು, "ಹೇಗುಂಟು ವೀಣಾ?" ಎಂದು ಕೇಳಿದಳು. "ಚಂದ ಉಂಟು" ಎಂದೆ. ನಿಜಕ್ಕೂ ಚಂದವಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ. ಊಟಕ್ಕೆ ಕೂತರೆ ಕಣ್ಣೆದುರು ಆ ಟೋಪಿ, ಬಸ್ಸಿನಲ್ಲಿ ಕೂತರೆ ಟೋಪಿ. ನಾನು ನೋಡಬೇಕಿದ್ದ ನೀಲಿ ನೀರನ್ನು ಅವಳು ಆ ಟೋಪಿಯ ನೆರಳಿನಿಂದ ನೋಡುತ್ತಿರುವ ಚಿತ್ರವನ್ನು ಎಷ್ಟು ಸಲ ಕಲ್ಪಿಸಿಕೊಂಡೆನೋ ಲೆಕ್ಕವಿಲ್ಲ.

ಹೊರಡಲು ಹತ್ತು ದಿನ ಇರುವಾಗ ಡೈವಿಂಗಿನ ಫಾರಂ ತುಂಬಬೇಕಿತ್ತು. ಇಳಿಯುವ ಪ್ರತಿಯೊಬ್ಬರೂ ತಮ್ಮ ಆರೋಗ್ಯದ ಬಗ್ಗೆ ಸ್ವತಃ ಘೋಷಿಸಬೇಕಾದ ಕಾಗದವದು. ದಮ್ಮು ಇದೆಯೇ, ಹೃದಯದ ತೊಂದರೆ ಇದೆಯೇ, ಫಿಟ್ಸ್ ಬಂದಿದೆಯೇ, ಕಿವಿ ಸೋರುತ್ತದೆಯೇ ಎಂಬ ಪ್ರಶ್ನೆಗಳು, ಎದುರಿಗೆ 'ಹೌದು' ಮತ್ತು 'ಇಲ್ಲ' ಎಂಬ ಎರಡು ಚೌಕ. ಒಂದು 'ಹೌದು' ಬಿದ್ದರೂ ವೈದ್ಯರು ಪರೀಕ್ಷಿಸದೆ ನೀರಿಗಿಳಿಸುವಂತಿಲ್ಲ. ಫಾರಂ ಇಂಗ್ಲಿಷಿನಲ್ಲಿತ್ತು. ಅದನ್ನು ತುಳುವಿನಲ್ಲಿ ಓದಿ ಹೇಳಿ, ಅವರ ಉತ್ತರವನ್ನು ಗುರುತಿಸುವುದು ನನ್ನ ಪಟ್ಟಿಯ ಇಪ್ಪತ್ತೊಂದನೆಯ ಅಂಶ.

ಸುಧಾಕರಣ್ಣ ಹದಿನೆಂಟು ಫಾರಂಗಳನ್ನು ತಂದಿಟ್ಟರು. ಎಲ್ಲದರಲ್ಲೂ 'ಇಲ್ಲ' ಚೌಕಗಳು ಆಗಲೇ ತುಂಬಿದ್ದವು. ಒಂದನ್ನು ತುಂಬಿ, ಉಳಿದದ್ದನ್ನು ಜೆರಾಕ್ಸ್ ಮಾಡಿಸಿದ್ದರು. ಹೆಸರು, ಸಹಿ ಮಾತ್ರ ಖಾಲಿ.

"ಇದೆಂತದು ಸುಧಾಕರಣ್ಣ?" ಎಂದೆ.

"ಎಲ್ಲ ಹೀಗೇ ಮಾಡುದು ಮಾರಾಯ್ರೆ. ಒಬ್ಬೊಬ್ಬರಿಗೆ ಓದಿ ಹೇಳ್ಲಿಕ್ಕೆ ಕೂತರೆ ವಿಮಾನ ಹೋಗ್ತದೆ. ಇವರೆಲ್ಲ ಕಡಲಿನ ಮಕ್ಕಳು. ನಮಗೂ ನಿಮಗೂ ಆದ್ರೆ ಬೇರೆ ಮಾತು."

ಆಗ ನಾನು ಆ ಕಾಗದಗಳನ್ನು ಹರಿದು ಹಾಕಬೇಕಿತ್ತು. ಪ್ರತಿಮಾ ಪಕ್ಕದಲ್ಲಿದ್ದಳು. ನಾನು ಹೇಳಿದ್ದು ಇಷ್ಟು: "ಎಸ್ಕಾರ್ಟ್ ಅವರಲ್ವಾ? ಅವರೇ ನೋಡಿಕೊಳ್ಳಲಿ." ಕಡತವನ್ನು ಅವಳತ್ತ ತಳ್ಳಿ ಚಹಾ ಕುಡಿಯಲು ಹೋದೆ. ಕಿರುಪುಸ್ತಕ ನನ್ನ ಚೀಲದಲ್ಲೇ ಇತ್ತು. ಡೈವಿಂಗಿನ ಫಾರಂ ಅನ್ನು ಪ್ರತಿಮಾ ನೋಡುತ್ತಿದ್ದುದೇ ಅದು ಮೊದಲ ಸಲ. ಕ್ಲಿನಿಕ್ಕಿನಲ್ಲಿ ಹೀಗೇ ನಡೆಯುತ್ತದೆಂದು ಅವಳು ನಂಬಿದಳು. ಹದಿನೆಂಟು ಸಹಿಗಳಾದವು. ಪ್ರತಿ ಫಾರಮಿಗೂ ಕ್ಲಿನಿಕ್ಕಿನ ಮೊಹರು ಬೇಕಿತ್ತು; ನಮ್ಮ ವೈದ್ಯಾಧಿಕಾರಿ ಒಂದು ಮುಖವನ್ನೂ ನೋಡದೆ ಹದಿನೆಂಟು ಮೊಹರು ಒತ್ತಿದರು.

ಹೊರಡಲು ಎರಡು ದಿನವಿದ್ದಾಗ ಕಿರುಪುಸ್ತಕದಲ್ಲಿ ಪೆನ್ಸಿಲಿನ ಆ ಸಾಲು ಕಣ್ಣಿಗೆ ಬಿತ್ತು. ಮೊದಲು ನನ್ನ ಮನಸ್ಸಿಗೆ ಬಂದದ್ದು ಗಿರಿಜಕ್ಕನ ಕಿವಿಯಲ್ಲ. ಅಲ್ಲಿ ಏನಾದರೂ ಎಡವಟ್ಟಾದರೆ ಪ್ರತಿಮಾಳ ಮುಖ ಹೇಗಾದೀತು ಎಂಬುದು. ಒಂದು ಕ್ಷಣ ಆ ಎಡವಟ್ಟು ನನಗೆ ಬೇಕೆನಿಸಿತು. ಇದನ್ನು ಮುಚ್ಚಿಟ್ಟು ಉಳಿದವರನ್ನು ಪ್ರಶ್ನಿಸುವ ಅಧಿಕಾರ ನನಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಾಚಿಕೆಯಾಗಿ ಆಡಳಿತಾಧಿಕಾರಿಗಳ ಕೋಣೆಗೆ ಹೋದೆ. ಫಾರಂಗಳನ್ನು ಮತ್ತೆ ತುಂಬಿಸಬೇಕೆಂದೆ. ಅವರು ಕುರ್ಚಿಗೊರಗಿ ನಕ್ಕರು. "ಎಂತ ವೀಣಾ, ಹೊಟ್ಟೆಕಿಚ್ಚಾ? ಮುಂದಿನ ಸಲ ನಿನ್ನನ್ನೇ ಕಳಿಸುವ."

ಸುಳ್ಳಾಗಿದ್ದರೆ ಜಗಳವಾಡುತ್ತಿದ್ದೆ. ಅದು ನಿಜವಾಗಿತ್ತು. ಕಿವಿಯ ಮಾತನ್ನು ಎತ್ತದೆಯೇ ಹೊರಗೆ ಬಂದೆ. ಶನಿವಾರ ಹದಿನೆಂಟು ಮಂದಿ, ಒಂದು ಹುಲ್ಲಿನ ಟೋಪಿಯೊಂದಿಗೆ, ಮಂಗಳೂರಿನಿಂದ ವಿಮಾನ ಹತ್ತಿದರು.

ಮಂಗಳವಾರ ಸಂಜೆ ವಾಟ್ಸಾಪಿನಲ್ಲಿ ಚಿತ್ರಗಳು ಬಂದವು. ಬಿಳಿ ಮರಳು, ಪ್ರತಿಮಾಳ ಹೆಗಲ ಮೇಲೆ ಗಿರಿಜಕ್ಕನ ಕೈ. ಕೆಳಗೆ ಒಂದು ಸಾಲು: "ನಾಳೆ ಬೆಳಿಗ್ಗೆ ಎಂಟಕ್ಕೆ ಡೈವ್, ಮೊದಲು ಗಿರಿಜಕ್ಕ!" ಆ ಕೈಯನ್ನು ನೋಡಿ ಹೊಟ್ಟೆ ಉರಿಯಿತು. ಅದರ ಹಿಂದೆಯೇ ಪೆನ್ಸಿಲಿನ ಆ ಸಾಲು ನೆನಪಾಯಿತು. ಫೋನ್ ಮಾಡಿದೆ, ನೆಟ್‌ವರ್ಕ್ ಇಲ್ಲ. ಸಂದೇಶ ಕಳಿಸಿದೆ, ತಲುಪಿದ ಗುರುತು ಬೀಳಲಿಲ್ಲ. ಬುಧವಾರ ಬೆಳಿಗ್ಗೆ ಆರಕ್ಕೆ ಶುರುಮಾಡಿ ಹತ್ತಾರು ಸಲ ಪ್ರಯತ್ನಿಸಿದೆ. ಏಳು ಗಂಟೆ ನಲವತ್ತು ನಿಮಿಷಕ್ಕೆ ಪ್ರತಿಮಾ ಸಿಕ್ಕಿದಳು.

"ಜೆಟ್ಟಿಯಲ್ಲಿದ್ದೇವೆ ವೀಣಾ, ಈಗ ದೋಣಿ ಹತ್ಲಿಕ್ಕುಂಟು, ಆಮೇಲೆ ಮಾತಾಡುವ."

"ಗಿರಿಜಕ್ಕನನ್ನು ಇಳಿಸಬೇಡ. ಬಲಗಿವಿಯ ತಮಟೆ ತೂತಾಗಿರಬೇಕು. ಶಿಬಿರದಲ್ಲೇ ಗಮನಿಸಿದ್ದೆ."

"ಅಷ್ಟು ದಿನದಿಂದ ಗೊತ್ತಿತ್ತಾ? ಈಗ ಹೇಳ್ತೀಯಾ? ನಿನಗೆ ಬರ್ಲಿಕ್ಕೆ ಆಗ್ಲಿಲ್ಲ ಅಂತ..."

"ಹೌದು. ಹೊಟ್ಟೆಕಿಚ್ಚು ಹೌದು. ಕಿವಿಯೂ ಹೌದು. ಎರಡೂ ನಿಜ ಪ್ರತಿಮಾ. ಫೋನ್ ಅವರಿಗೆ ಕೊಡು."

ಪ್ರತಿಮಾ ವಾದಿಸಲಿಲ್ಲ, ಕೊಟ್ಟಳು. ಎಡಗಿವಿಗೆ ಹಿಡಿಯಲು ಅವಳು ಹೇಳಿದ್ದೂ ಕೇಳಿಸಿತು.

"ಗಿರಿಜಕ್ಕ, ತಲೆಗೆ ಸ್ನಾನ ಮಾಡುವಾಗ ಬಲಗಿವಿಗೆ ತಣ್ಣೀರು ಹೋದರೆ ಎಂತ ಆಗ್ತದೆ?"

"ಎಂತ ಆಗುದು? ಮನೆ ತಿರುಗ್ತದೆ. ಗೋಡೆ ಹಿಡ್ಕೊಂಡು ಕೂರ್ತೇನೆ. ಸಣ್ಣದಿರುವಾಗಿಂದ ಕಿವಿ ಸೋರ್ತದೆ, ಅದಕ್ಕೇ ಹತ್ತಿ."

"ಅಲ್ಲಿ ಕೆಳಗೆ ಗೋಡೆ ಇಲ್ಲ ಗಿರಿಜಕ್ಕ."

ತೂತಾದ ತಮಟೆಯ ಮೂಲಕ ತಣ್ಣೀರು ಒಳಗಿವಿಯ ಹತ್ತಿರ ನುಗ್ಗಿದರೆ ಸಮತೋಲನ ಕೆಡುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ವಾಂತಿಯಾದರೆ ಸಿಲಿಂಡರಿನಿಂದ ಬರುವ ಗಾಳಿಯ ಕೊಳವೆ ಬಾಯಿಂದ ಜಾರಬಹುದು. ಹನ್ನೆರಡು ಮೀಟರ್ ಆಳದಲ್ಲಿ ಇದು ಸಾವಿನ ಮಾತು. ಇಷ್ಟನ್ನೂ ತುಳುವಿನಲ್ಲಿ ಎರಡು ನಿಮಿಷದಲ್ಲಿ ಹೇಳಿದೆ. ಆರು ವಾರ ಹಿಂದೆ ಹೇಳಿದ್ದರೂ ಎರಡೇ ನಿಮಿಷ ಹಿಡಿಯುತ್ತಿತ್ತು.

"ಫಾರಮಿನಲ್ಲಿ ಈ ಪ್ರಶ್ನೆ ಇತ್ತಾ ಟೀಚರೇ?"

"ಇತ್ತು."

"ನನ್ನನ್ನು ಯಾರೂ ಕೇಳ್ಲಿಲ್ಲವಲ್ಲ."

ಅವರು ಇಳಿಯಲಿಲ್ಲ; ಉಳಿದವರಿಗೆ ಪ್ರತಿಮಾ ಜೆಟ್ಟಿಯಲ್ಲೇ ಪ್ರಶ್ನೆಗಳನ್ನು ಓದಿ, ಉತ್ತರ ಕೇಳಿಕೊಂಡ ಮೇಲೆಯೇ ಇಳಿಸಿದಳು. ಗಾಜಿನ ದೋಣಿಯಲ್ಲಾದರೂ ಕೂರಿಸಬಹುದಿತ್ತು. ಆದರೆ ಅದಕ್ಕೆ ಮುಂಚಿತವಾಗಿ ಹೆಸರು ಕೊಟ್ಟಿರಬೇಕಿತ್ತು, ಉಳಿದ ದಿನಗಳಿಗೆ ಜಾಗ ತುಂಬಿತ್ತು. ಪ್ರತಿಮಾ ಎರಡು ದಿನ ಓಡಾಡಿದರೂ ಸಿಗಲಿಲ್ಲ. ಹದಿನೇಳು ಹೆಂಗಸರು ಒಬ್ಬೊಬ್ಬರಾಗಿ ಕೆಳಗೆ ಹೋಗಿ, ಮೇಲೆ ಬಂದು, ಕಂಡದ್ದನ್ನು ಕೂಗಿ ಹೇಳುವಾಗ ಗಿರಿಜಕ್ಕ ದೋಣಿಯ ಅಂಚಿನಲ್ಲಿ ಎಲ್ಲರ ಟವೆಲು ಹಿಡಿದು ಕೂತಿದ್ದರಂತೆ. ಅಸೂಯೆಯ ರುಚಿ ಆ ದಿನ ನನಗಿಂತ ಚೆನ್ನಾಗಿ ತಿಳಿದವರು ಅವರು. ಅವರದ್ದಕ್ಕೆ ನ್ಯಾಯವಿತ್ತು.

ಮರಳಿ ಬಂದ ಮೇಲೆ ಇ.ಎನ್.ಟಿ. ವೈದ್ಯರು ಕಿವಿ ನೋಡಿ, ತಮಟೆಯಲ್ಲಿ ದೊಡ್ಡ ತೂತಿದೆ ಎಂದರು. ನಾನು ಘಟನಾ ವರದಿ ಬರೆದೆ. ಜೆರಾಕ್ಸ್ ಮಾಡಿಸಿದ ಏಜೆಂಟರು, ನೋಡದೆ ಮೊಹರು ಒತ್ತಿದ ವೈದ್ಯಾಧಿಕಾರಿ, ದೂರನ್ನು ಕೇಳುವ ಮೊದಲೇ ನಕ್ಕ ಆಡಳಿತಾಧಿಕಾರಿ, ಗೊತ್ತಿದ್ದೂ ದಾಖಲಿಸದ ನಾನು. ನಾಲ್ವರ ಹೆಸರೂ ಇತ್ತು. ಪ್ರಾಣಾಪಾಯವೇನೂ ಆಗಿಲ್ಲವಲ್ಲ ಎಂಬ ಉತ್ತರ ಬಂತು. ನಂತರ, ನನ್ನ ಹೆಸರನ್ನು ತೆಗೆದುಬಿಡಬಹುದು ಎಂಬ ಸಲಹೆ. ಅದರ ಮರುದಿನ, ವರದಿಯನ್ನೇ ಹಿಂಪಡೆಯಬಹುದು ಎಂಬ ಸಲಹೆ. ಎರಡನ್ನೂ ಒಪ್ಪಲಿಲ್ಲ. ನನ್ನ ಬಡ್ತಿ ನಿಂತಿತು. ಫಾರಂ ಮಾತ್ರ ಬದಲಾಯಿತು: ಈಗ ಕನ್ನಡದಲ್ಲಿದೆ, ಗಟ್ಟಿಯಾಗಿ ಓದಬೇಕು, ಗುರುತನ್ನು ಹೋಗುವವರೇ ಹಾಕಬೇಕು. ಸುಧಾಕರಣ್ಣನನ್ನೂ ವೈದ್ಯಾಧಿಕಾರಿಯನ್ನೂ ಇಂದಿನವರೆಗೆ ಯಾರೂ ಒಂದು ಪ್ರಶ್ನೆ ಕೇಳಿಲ್ಲ. ಕಡಲಿನ ಮಕ್ಕಳ ಕಿವಿಗೆ ಬೇರೆ ನಿಯಮ ಎಂದು ಯಾವ ಪುಸ್ತಕದಲ್ಲಿ ಬರೆದಿದೆ? ನಾನು ಕೇಳುತ್ತಲೇ ಇದ್ದೇನೆ.

ಈ ವರ್ಷ ಎರ್ಮಾಳಿನ ತಂಡ ಮತ್ತೆ ಹೊರಟಿದೆ. ಗಿರಿಜಕ್ಕ ಕಿವಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಆಳಕ್ಕಿಳಿಯಲು ವೈದ್ಯರು ಇನ್ನೂ ಒಪ್ಪಿಲ್ಲ. ಗಾಜಿನ ದೋಣಿಯಲ್ಲಿ ಅವರ ಹೆಸರನ್ನು ಎರಡು ತಿಂಗಳ ಹಿಂದೆಯೇ ಬರೆಸಿದ್ದೇನೆ. ಎಸ್ಕಾರ್ಟ್ ಈ ಸಲವೂ ಪ್ರತಿಮಾ. ತಂಡದವರೇ ಅವಳು ಬೇಕೆಂದು ಕೇಳಿದರು. ಆ ಟೋಪಿ ಈಗ ನಮ್ಮ ಮೇಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಅದನ್ನು ನೋಡಿದರೆ ನನಗೆ ಈಗಲೂ ಉರಿಯುತ್ತದೆ. ಅಸೂಯೆಗೆ ನಮ್ಮಲ್ಲಿ ಲಸಿಕೆಯಿಲ್ಲ. ಅದು ಇದ್ದಾಗಲೂ ಗೊತ್ತಿರುವುದೆಲ್ಲ ಕಡತದಲ್ಲಿ ಸೇರಿಯೇ ಮುಂದಿನವರ ಕೈಗೆ ಹೋಗಬೇಕು ಎಂಬುದನ್ನಷ್ಟೇ ಈ ಕೆಲಸ ಕಲಿಸಿತು. ಅದಕ್ಕೇ ನಾನು ಈಗ ಪೆನ್ಸಿಲಿನಲ್ಲಿ ಏನನ್ನೂ ಬರೆಯುವುದಿಲ್ಲ.

ಮೊನ್ನೆ ಗಿರಿಜಕ್ಕ ನನ್ನೆದುರು ಕೂತು ಫಾರಂ ಮುಂದಿಟ್ಟರು. ಡೈವಿಂಗ್ ಇಲ್ಲವೆಂದ ಮೇಲೆ ಅವರಿಗೆ ಅದರ ಅಗತ್ಯವಿಲ್ಲ ಎಂದೆ.

"ಇರ್ಲಿ, ಓದಿ ಟೀಚರೇ. ಒಂದೊಂದಾಗಿ ಓದಿ. ನನಗೆ ಅವಸರ ಇಲ್ಲ."

ಓದಿದೆ. ಒಂಬತ್ತನೆಯದಾದ ಕಿವಿಯ ಪ್ರಶ್ನೆಗೆ ಬಂದಾಗ ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. 'ಹೌದು' ಎಂಬ ಚೌಕವನ್ನು ಹುಡುಕಿ, ಕಾಗದ ಹರಿಯುವಷ್ಟು ಒತ್ತಿ, ಗುರುತು ಹಾಕಿದರು.